ಆಡದೆ ಉಳಿದಿದ್ದ ಫೈನಲ್

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟು ಒಂದು ಕಡೆಗೆ ಇಳಿಜಾರಾಗಿತ್ತು. ಮಳೆ ನೀರು ನಿಲ್ಲಬಾರದೆಂದು ಮೇಸ್ತ್ರಿ ಬೇಕೆಂದೇ ಹಾಗೆ ಸಿಮೆಂಟು ಹಾಕಿದ್ದನೋ, ಇಲ್ಲ ಕಣ್ಣಳತೆ ತಪ್ಪಿತ್ತೋ ಗೊತ್ತಿಲ್ಲ. ಚೆಂಡನ್ನು ನಡುವೆ ಇಟ್ಟು ಕೈಬಿಟ್ಟರೆ ಅದು ತನ್ನಷ್ಟಕ್ಕೆ ಉರುಳಿಕೊಂಡು ಹೋಗಿ ಕ್ಯಾಂಟೀನಿನ ಗೋಡೆಗೆ ತಾಗಿ ನಿಲ್ಲುತ್ತಿತ್ತು. ಬೇರೆ ಕಾಲೇಜಿನಿಂದ ಆಡಲು ಬಂದ ಹುಡುಗಿಯರಿಗೆ ಈ ಗುಟ್ಟು ತಿಳಿಯುವಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತಿತ್ತು. ಹೊಸೂರಿನಲ್ಲಿ ನಮ್ಮನ್ನು ಸೋಲಿಸುವುದು ಕಷ್ಟ ಎಂಬ ಹೆಸರು ನಮಗೆ ಬಂದದ್ದರಲ್ಲಿ ಆ ಇಳಿಜಾರಿನ ಪಾಲೂ ಇದೆ.

ನಾನು ಬಾಸ್ಕೆಟ್‌ಬಾಲ್ ಆಡುವಷ್ಟು ಎತ್ತರದವಳಲ್ಲ. ಬಾಗಲೂರಿನ ಹತ್ತಿರದ ನಮ್ಮೂರಿನಲ್ಲಿ ಖೋಖೋ ಆಡಿ ಬೆಳೆದವಳು. ಅಡ್ಮಿಷನ್ ದಿನ ಕಾಲೇಜಿನ ವರಾಂಡದಲ್ಲಿ ಸಾಲಿನಲ್ಲಿ ನಿಂತಿದ್ದಾಗ ನನ್ನ ಹಿಂದೆ ಬೇರಿಕೆಯ ಹುಡುಗಿಯೊಬ್ಬಳಿದ್ದಳು. ಬೆಳಗ್ಗೆ ಬಸ್ಸಿನಲ್ಲಿ ಪಕ್ಕ ಕೂತು ಪರಿಚಯವಾದವಳು. ತಲೆ ಬಾಗಿಲ ಚೌಕಟ್ಟಿಗೆ ತಾಗುವಷ್ಟು ಉದ್ದ. ಪಿ.ಟಿ. ಮೇಡಂ ಸಾಲನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾ ಬಂದು ಅವಳ ಮುಂದೆ ನಿಂತರು. ಸಂಜೆ ಕೋರ್ಟಿಗೆ ಬರಬೇಕು ಎಂದು ತಮಿಳಿನಲ್ಲಿ ಹೇಳಿದರು. ಅವಳು ಹೆದರಿ ನನ್ನ ದುಪಟ್ಟಾ ಹಿಡಿದುಕೊಂಡು, ಇವಳು ಬಂದರೆ ಮಾತ್ರ ನಾನೂ ಬರುತ್ತೇನೆ ಎಂದು ತೆಲುಗಿನಲ್ಲಿ ಹೇಳಿದಳು. ಮೇಡಂ ನನ್ನ ಕಡೆ ನೋಡಿದರು. ನನ್ನ ತಲೆ ಅವರ ಭುಜಕ್ಕೂ ಬರುತ್ತಿರಲಿಲ್ಲ.

"ಸರಿ, ನೀಯುಂ ವಾ," ಎಂದರು. ಸರಿ, ನೀನೂ ಬಾ.

ಹಾಗೆ ಇನ್ನೊಬ್ಬಳ ಬಾಲವಾಗಿ ನಾನು ತಂಡಕ್ಕೆ ಸೇರಿದೆ. ಮುಂದೆ ಚೆಂಡನ್ನು ತಟ್ಟಿಕೊಂಡು ಎದುರಾಳಿಗಳ ನಡುವೆ ನುಸುಳಿ, ಉದ್ದದವಳ ಕೈಗೆ ತಲುಪಿಸುವುದೇ ನನ್ನ ಕೆಲಸವಾಯಿತು. ಅವಳು ಕೈ ಎತ್ತಿ ಹಾಕುವವಳು, ನಾನು ಕೆಳಗೆ ಓಡಾಡುವವಳು. ಆ ಜೋಡಿಯನ್ನು ನೋಡಿ ಕ್ಯಾಂಟೀನಿನವರು ನಗುತ್ತಿದ್ದರು.

ಮೇಡಂ ಕೃಷ್ಣಗಿರಿಯವರು. ರಿಟೈರ್ ಆಗಲು ಹೆಚ್ಚು ವರ್ಷ ಉಳಿದಿರಲಿಲ್ಲ. ಕಾಟನ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟೀಲ್ ವಿಶಲ್. ಅವರು ಊದಿದರೆ ರಸ್ತೆಯಾಚೆ ಕಂಪನಿ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡುತ್ತಿದ್ದರು. ಕ್ಯಾಪ್ಟನ್ ಕೂಡ ಕೃಷ್ಣಗಿರಿಯವಳೇ, ನಮಗಿಂತ ಒಂದು ವರ್ಷ ದೊಡ್ಡವಳು, ಲಾರಿ ಓಡಿಸುವವರ ಮಗಳು. ಅವಳಿಗೆ ತಮಿಳು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಆದರೆ ನಮ್ಮ ಮೂರು ಭಾಷೆಯ ಗಲಾಟೆಯನ್ನು ಉಪಯೋಗಿಸಿಕೊಂಡವಳು ಅವಳೇ. ಸೇಲಂ ಕಡೆಯ ತಂಡದೊಡನೆ ಆಡುವಾಗ ಅವಳು "ಕನ್ನಡ!" ಎಂದು ಕೂಗುವಳು. ಆಮೇಲೆ ಕೋರ್ಟಿನ ತುಂಬ "ಬಲಕ್ಕೋಗೆ," "ಹಿಂದೆ ಬಾ," "ಎತ್ತಿ ಹಾಕೆ" ಎಂಬ ಮಾತೇ. ಎದುರಿನವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕ್ಯಾಪ್ಟನ್‌ಗೆ ಬರುತ್ತಿದ್ದ ಕನ್ನಡ ಇಷ್ಟೇ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದಾಗ, ನಮ್ಮಜ್ಜಿಯನ್ನು ತನ್ನ ಪಕ್ಕ ಬಂದು ಕೂರಲು ಕರೆಯಬೇಕೆಂದು "ಹಿಂದೆ ಬಾ, ಹಿಂದೆ ಬಾ" ಎಂದಳು. ಅಜ್ಜಿ ತನ್ನ ಹಿಂದೆ ಏನೋ ಹುಳ ಹರಿಯುತ್ತಿದೆಯೆಂದು ಹೌಹಾರಿ ಎದ್ದು ನಿಂತಳು.

ಆ ವರ್ಷದ ಮಾರ್ಚಿನಲ್ಲಿ ನಾವು ಒಳ್ಳೆಯ ಫಾರಂನಲ್ಲಿದ್ದೆವು. ಟೂರ್ನಮೆಂಟಿಗೆ ಹೊಸ ಜೆರ್ಸಿ ಹೊಲಿಯಲು ಕೊಟ್ಟಿದ್ದಾಯಿತು. ಮಧ್ಯಾಹ್ನ ಪ್ರಾಕ್ಟೀಸಿಗೆಂದು ಶೂ ಕಟ್ಟುತ್ತಿದ್ದಾಗ ಆಫೀಸಿನಿಂದ ಸುದ್ದಿ ಬಂತು: ನಾಳೆಯಿಂದ ಕಾಲೇಜು ಇಲ್ಲ, ಹಾಸ್ಟೆಲಿನವರೂ ಊರಿಗೆ ಹೋಗಬೇಕು. ಸ್ವಲ್ಪ ದಿನದ ಮಾತು ಎಂದುಕೊಂಡು ನಾವು ರಜೆ ಸಿಕ್ಕಿದ ಖುಷಿಯಲ್ಲೇ ಇದ್ದೆವು. ಮೇಡಂ ಮಾತ್ರ ಸ್ಟೋರ್ ರೂಮಿನಲ್ಲಿ ಚೆಂಡುಗಳನ್ನು ಎಣಿಸಿ ಎಣಿಸಿ ಇಡುತ್ತಿದ್ದರು. ಬಲೆ ಮಡಚಲು ನಾನು ಕೊನೆಯವರೆಗೆ ಜೊತೆಗಿದ್ದೆ. ಬೀಗ ಹಾಕುವ ಮೊದಲು ಸವೆದು ನುಣುಪಾದ ಒಂದು ಹಳೆಯ ಚೆಂಡನ್ನು ತೆಗೆದು ನನ್ನ ಕೈಗಿಟ್ಟರು.

"ಒಳಗಿದ್ದರೆ ಇಲಿ ಕಡಿಯುತ್ತದೆ. ನೀನೇ ಇಟ್ಟುಕೋ," ಎಂದರು ತಮಿಳಿನಲ್ಲಿ.

ಬಾಗಲೂರು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ.

ನಮ್ಮದು ರೋಜಾ ತೋಟ. ಬೆಳಗ್ಗೆ ಕೊಯ್ದ ಹೂವನ್ನು ಅಪ್ಪ ತನ್ನ ಟೆಂಪೋದಲ್ಲಿ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಲಾಕ್‌ಡೌನ್ ಬಂದದ್ದೇ ಮಾರ್ಕೆಟ್ ಮುಚ್ಚಿತು, ಕರ್ನಾಟಕದ ಕಡೆಗಿನ ದಾರಿಗೆ ಮಣ್ಣು ಸುರಿದು ಅಡ್ಡ ಹಾಕಿದರು. ಟೆಂಪೋ ಹುಣಸೆ ಮರದ ಕೆಳಗೆ ನಿಂತಿತು. ಆದರೆ ಹೂವು ನಿಲ್ಲಬೇಕಲ್ಲ. ಕೊಯ್ಯದೆ ಬಿಟ್ಟರೆ ಗಿಡ ಕೆಡುತ್ತದೆಂದು ದಿನವೂ ಕೊಯ್ದು ಕೊಯ್ದು ತಿಪ್ಪೆಗೆ ಸುರಿದೆವು. ಹಸುಗಳು ಮೊದಮೊದಲು ಆಸೆಯಿಂದ ತಿಂದವು. ಆಮೇಲೆ ಮೂಸಿಯೂ ನೋಡಲಿಲ್ಲ. ಇಡೀ ಊರಿನ ತಿಪ್ಪೆಗಳು ಕೆಂಪಗೆ ಘಮಘಮ ಎನ್ನುತ್ತಿದ್ದವು. ಅಪ್ಪ ಜಗಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದ, ಮಾತು ಕಡಿಮೆ ಮಾಡಿದ್ದ.

ಮನೆಯ ಮುಂದಿನ ಸಗಣಿ ಸಾರಿಸಿದ ನೆಲದಲ್ಲಿ ಚೆಂಡು ಪುಟಿಯುವುದಿಲ್ಲ. ತಟ್ಟಿದರೆ ದಪ್ ಎಂದು ಅಲ್ಲೇ ಕೂರುತ್ತದೆ. ಊರಿಗೂ ಮೇನ್ ರೋಡಿಗೂ ನಡುವೆ, ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಒಂದು ಹೊಸ ಲೇಔಟ್ ಆಗಿತ್ತು. ಸಿಮೆಂಟಿನ ರಸ್ತೆ, ನಂಬರ್ ಬರೆದ ಕಲ್ಲುಗಳು, ಬಲ್ಬ್ ಹಾಕದ ದೀಪದ ಕಂಬಗಳು. ಮನೆ ಮಾತ್ರ ಒಂದೂ ಇರಲಿಲ್ಲ. ಅಲ್ಲಿ ಹೋಗಿ ಆಡುತ್ತೇನೆ ಎಂದೆ.

ಅಜ್ಜಿ ಒಪ್ಪಲಿಲ್ಲ. "ವಯಸ್ಸಿಗ್ ಬಂದಿರೋ ಹೆಣ್ಣು ಬೀದೀಲಿ ಚೆಂಡು ಕುಟ್ಕಂಡು ಓಡಾಡುದ್ರೆ ಜನ ಏನಂತಾರೆ?"

"ಜನ ಎಲ್ಲವ್ರೆ ಈಗ?" ಎಂದಳು ಅಮ್ಮ, ಒಲೆಯ ಮುಂದಿನಿಂದ ಏಳದೆಯೇ. "ಎಲ್ರೂ ಬಾಗ್ಲಾಕ್ಕಂಡು ಒಳ್ಗವ್ರೆ. ಒಬ್ಳೇ ಹೋಗ್ಬೇಡ ಕಣಮ್ಮ, ತಡಿ, ನಾನೂ ಬತ್ತೀನಿ."

ಅಮ್ಮ ಕಾವಲಿಗೆಂದು ಬಂದವಳು. ಮೊದಲ ದಿನ ಒಂದು ನಂಬರ್ ಕಲ್ಲಿನ ಮೇಲೆ ಕೂತು, ಮಡಿಲಲ್ಲಿ ತಂದಿದ್ದ ಅವರೆಕಾಯಿ ಸುಲಿದಳು. ನಾನು ಚೆಂಡು ತಟ್ಟುತ್ತಾ ರಸ್ತೆಯ ಆ ತುದಿಗೂ ಈ ತುದಿಗೂ ಓಡಿದೆ. ಬಾಸ್ಕೆಟ್ ಇಲ್ಲದೆ ಎಷ್ಟು ಹೊತ್ತು ಓಡುವುದು? ಅಪ್ಪನನ್ನು ಕೇಳಿದೆ. ಕೆಲಸವಿಲ್ಲದೆ ಕೂತಿದ್ದವನಿಗೆ ಏನಾದರೂ ಬೇಕಾಗಿತ್ತೇನೋ, ಹೂ ತುಂಬುವ ಬಿದಿರಿನ ಮಂಕರಿಯೊಂದನ್ನು ಎತ್ತಿಕೊಂಡು, ಟೆಂಪೋ ಸ್ಟಾರ್ಟ್ ಮಾಡಿ ಲೇಔಟಿಗೆ ಬಂದ. ಟೆಂಪೋದ ತಲೆಯ ಮೇಲೆ ಹತ್ತಿ ನಿಂತು ದೀಪದ ಕಂಬಕ್ಕೆ ಮಂಕರಿ ಹಿಡಿದ.

"ಸಾಕಾ?"

"ಇನ್ನೂ ಮ್ಯಾಕೆ ಅಪ್ಪ."

"ಇನ್ನೂನಾ? ಅಷ್ಟೆತ್ರುಕ್ಕೆ ಯಾರ್ ಹಾಕ್ತಾರೆ? ಕಾಗೆ ಬಂದು ಗೂಡು ಕಟ್ಕಂತದೆ ಅಷ್ಟೆ."

ತಂತಿ ಸುತ್ತಿ ಬಿಗಿಯಾಗಿ ಕಟ್ಟಿದ. ನಾನು ಎಸೆದ ಮೊದಲನೆಯ ಚೆಂಡೇ ಮಂಕರಿಯೊಳಗೆ ಬಿತ್ತು. ಬಿದ್ದದ್ದು ಅಲ್ಲೇ ಕೂತಿತು. ತಳ ತೆಗೆಯಬೇಕೆಂದು ಮೂವರಿಗೂ ಹೊಳೆದಿರಲಿಲ್ಲ. ಅಪ್ಪ ನಗತೊಡಗಿದ. ಎಷ್ಟೋ ದಿನಗಳ ಮೇಲೆ ಅವನು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು. ಅಮ್ಮ ಟೆಂಪೋ ಹತ್ತಿ, ಹೂ ಕತ್ತರಿಸುವ ಕಟ್ಟರಿನಿಂದ ಮಂಕರಿಯ ತಳವನ್ನು ಕಚಕಚನೆ ಕತ್ತರಿಸಿ ಹಾಕಿದಳು.

ಅಲ್ಲಿಂದ ಮುಂದೆ ಬೆಳಗಿನ ಹೂ ಕೊಯ್ಲು ಮುಗಿದ ಮೇಲೆ ನಾವಿಬ್ಬರೂ ಲೇಔಟಿಗೆ ಹೋಗುವುದು ರೂಢಿಯಾಯಿತು. ಮಂಕರಿಯಿಂದ ಬಿದ್ದ ಚೆಂಡು ಇಳಿಜಾರಿನಲ್ಲಿ ಉರುಳಿ ಚರಂಡಿ ಸೇರುತ್ತಿತ್ತು. ಅದನ್ನು ತರಲು ಅಮ್ಮ ಏಳಲೇಬೇಕಾಯಿತು. ಮೊದಲು ಎರಡು ಕೈಯಲ್ಲಿ ಹಿಡಿದು ತಂದುಕೊಡುತ್ತಿದ್ದಳು. ಆಮೇಲೆ ಉರುಳಿಸತೊಡಗಿದಳು. ಆಮೇಲೆ ಎಸೆಯತೊಡಗಿದಳು. ಮನೆಗೆ ಹೆಂಚು ಹೊದಿಸುವಾಗ ಕೆಳಗಿನಿಂದ ಹೆಂಚು ಎಸೆದುಕೊಡುತ್ತಿದ್ದ ಕೈ ಅದು. ಚೆಂಡು ಬಂದು ನನ್ನ ಎದೆಗೆ ಬಡಿದರೆ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದೆ.

"ಇದೇನ್ ಆಟಾನೆ ಇದು?" ಎಂದು ಗೊಣಗುವಳು. "ನೀನ್ ನಿಂತ್ ಜಾಗದಲ್ಲಿ ನಿಂತು ಎಸೀತೀಯ. ಎತ್ಕೊಡೋಳ್ಗೇ ಮೈ ಮುರಿಯಾ ಕೆಲ್ಸ."

"ಹಂಗಾದ್ರೆ ಮನೇಗೋಗಣ ಬಾಮ್ಮ."

"ಇನ್ನೊಂದಷ್ಟು ಹಾಕು. ಇನ್ನೂ ಬಿಸ್ಲೇ ಬಂದಿಲ್ಲ."

ಒಂದು ದಿನ ನಾನು ನೀರು ಕುಡಿಯಲು ಪಕ್ಕಕ್ಕೆ ಹೋಗಿದ್ದೆ. ತಿರುಗಿ ನೋಡಿದರೆ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಂಬದ ಕೆಳಗೆ ನಿಂತಿದ್ದಳು. ಮೊಣಕಾಲು ಬಗ್ಗಿಸಿ, ನನ್ನ ಹಾಗೆಯೇ ಬಲಗೈ ಚೆಂಡಿನ ಹಿಂದೆ, ಎಡಗೈ ಪಕ್ಕಕ್ಕೆ ಇಟ್ಟು, ಮೇಲಕ್ಕೆ ಎಸೆದಳು. ಚೆಂಡು ಮಂಕರಿಯ ಅಂಚಿಗೆ ತಾಗಿ ಒಳಗೆ ಬಿತ್ತು. ಅಮ್ಮ ಗಾಬರಿಯಿಂದ ಸುತ್ತ ನೋಡಿದಳು. ರಸ್ತೆಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ನಾನು ಬಾಟಲಿ ಎತ್ತಿ ನೀರು ಕುಡಿಯುತ್ತಾ ನೋಡದವಳಂತೆ ನಿಂತೆ. ಅವಳ ಮುಖದಲ್ಲಿದ್ದ ಆ ನಗೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಪ್ಪನಿಗೆ ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮೇಡಂ ಭಾನುವಾರಗಳಲ್ಲಿ ಎಲ್ಲರಿಗೂ ವಿಡಿಯೋ ಕಾಲ್ ಮಾಡುತ್ತಿದ್ದರು. ನನಗೆ ನೀರಿನ ಟ್ಯಾಂಕಿನ ಮೇಲೆ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಕ್ಯಾಪ್ಟನ್ ಟೆರೇಸಿನ ಮೇಲೆ ಹಗ್ಗ ಜಿಗಿಯುತ್ತಾ ಕಾಣಿಸುವಳು. ಬೇರಿಕೆಯ ನನ್ನ ಗೆಳತಿ ಮೊದಲು ಪ್ರತಿ ವಾರವೂ ಬರುತ್ತಿದ್ದಳು, ಆಮೇಲೆ ಅಪರೂಪವಾದಳು. ಅವಳ ಅಪ್ಪ ಮದುವೆ ಮನೆಗಳಲ್ಲಿ ಅಡುಗೆ ಮಾಡುವವರು. ಮದುವೆಗಳೇ ನಿಂತುಹೋಗಿದ್ದವು. ಕಂಪನಿಗಳು ಮತ್ತೆ ಬಾಗಿಲು ತೆರೆದಾಗ ಅವಳು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯೊಂದಕ್ಕೆ ಸೇರಿಕೊಂಡಳು. ಕ್ಲಾಸುಗಳು ಆನ್‌ಲೈನ್ ಆಗಿದ್ದರಿಂದ ಕಂಪನಿ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳುತ್ತಾಳೆ ಎಂದು ತಿಳಿಯಿತು.

ಕಾಲೇಜು ಮತ್ತೆ ತೆರೆಯುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು. ಕೋರ್ಟಿನ ಬಿರುಕುಗಳಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಒಂದು ರಿಂಗಿನ ನೇರ ಕೆಳಗೆ ಎಕ್ಕದ ಗಿಡ ಹೂ ಬಿಟ್ಟುಕೊಂಡು ನಿಂತಿತ್ತು. ನಮ್ಮ ಹೊಸ ಜೆರ್ಸಿಗಳು ದರ್ಜಿಯ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದವು. ಅವುಗಳನ್ನು ತೊಡಬೇಕಾದ ಅರ್ಧದಷ್ಟು ಹುಡುಗಿಯರು ಬರಲೇ ಇಲ್ಲ. ಇಬ್ಬರಿಗೆ ಮದುವೆಯಾಗಿತ್ತು. ಒಬ್ಬಳು ಮನೆಯವರು ಕಳಿಸುವುದಿಲ್ಲ ಎಂದು ಮೆಸೇಜ್ ಹಾಕಿದಳು. ಉಳಿದ ನಾವು ಒಂದು ತಂಡಕ್ಕೆ ಸಾಲುವಷ್ಟು, ಅಷ್ಟೆ. ಎರಡು ದಿನ ಕೂತು ಹುಲ್ಲು ಕಿತ್ತೆವು. ಮೇಡಂ ಸೀರೆ ಎತ್ತಿ ಕಟ್ಟಿ ಎಕ್ಕದ ಗಿಡವನ್ನು ತಾವೇ ಕಿತ್ತರು.

ಆಟದ ಹೊಸ ನಿಯಮಗಳು ನಮಗೆ ನಗು ತರಿಸುತ್ತಿದ್ದವು. ಮಾಸ್ಕ್ ಹಾಕಿಕೊಂಡು ಓಡಬೇಕು. ಚೆಂಡನ್ನು ಆಗಾಗ ಸೋಪಿನ ನೀರಿನಲ್ಲಿ ತೊಳೆಯಬೇಕು. ತೊಳೆದ ಚೆಂಡು ಒಣಗುವ ಮೊದಲೇ ಕೈಗೆ ಬಂದರೆ ಮೀನಿನಂತೆ ಜಾರುತ್ತಿತ್ತು. ಕ್ಯಾಪ್ಟನ್ "ಕನ್ನಡ!" ಎಂದು ಕೂಗಿದರೂ ಮಾಸ್ಕಿನೊಳಗಿನಿಂದ ನಮ್ಮ ಕನ್ನಡ ನಮಗೇ ಕೇಳಿಸುತ್ತಿರಲಿಲ್ಲ.

ಉದ್ದದವಳಿಲ್ಲದೆ ತಂಡವಿಲ್ಲ. ಮೇಡಂ ನನ್ನನ್ನು ಕರೆದುಕೊಂಡು ಬೇರಿಕೆಗೇ ಹೋದರು. ಅವಳ ಅಪ್ಪ ಕುರ್ಚಿ ಹಾಕಿ, ಕಾಫಿ ಕೊಟ್ಟು, ತಲೆ ಕೆರೆದುಕೊಂಡು ನಿಂತರು. ಕೆಲಸ ಬಿಡಿಸಲು ಆಗುವುದಿಲ್ಲ ಎಂದರು. ಬಿಡಿಸಬೇಡಿ, ರಜೆಯ ದಿನ ಬೆಳಗ್ಗೆ ಕಳಿಸಿ ಸಾಕು ಎಂದರು ಮೇಡಂ. ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾವು ಹೊರಟಾಗ ಬೀದಿಯ ಕೊನೆಯವರೆಗೆ ಬಂದಳು.

"ನಾ ಚೆಯ್ಯಿ ಇಂಕಾ ಸೆಟ್ ಅವ್ವಲೇದು," ಎಂದಳು. ಕೈ ಇನ್ನೂ ಸೆಟ್ ಆಗಿಲ್ಲ ಎಂದು. ಇಡೀ ದಿನ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸ್ಕ್ರೂ ಹಿಡಿದ ಕೈಗೆ ಚೆಂಡು ಕುಂಬಳಕಾಯಿಯಷ್ಟು ದೊಡ್ಡದಾಗಿ ಕಾಣುತ್ತದಂತೆ.

ಟೂರ್ನಮೆಂಟು ಕೃಷ್ಣಗಿರಿಯಲ್ಲಿ ನಡೆಯಿತು. ನಾಲ್ಕೇ ತಂಡ, ನೋಡುವವರಿಗೆ ಪ್ರವೇಶವಿಲ್ಲ. ಅಮ್ಮನಿಗೆ ಅದನ್ನು ಹೇಳಿದಾಗ ಮುಖ ಊದಿಸಿಕೊಂಡಳು. "ನೋಡೋರ್ ಬ್ಯಾಡಾ ಅಂದ್ರೆ ಏನ್ ಆಟ ಅದು? ವರ್ಸ ಪೂರ್ತಿ ಚೆಂಡು ಎತ್ಕೊಟ್ಟೋಳು ನಾನು. ನಾನೂ ಟೀಮೋಳೇ ಅಂತೇಳು."

ಸೆಮಿಫೈನಲ್ ದಿನ ನನ್ನ ಗೆಳತಿ ರಾತ್ರಿ ಪಾಳಿ ಮುಗಿಸಿಕೊಂಡು, ಕಂಪನಿ ಯೂನಿಫಾರಂನಲ್ಲೇ ನೇರ ಹೊಸೂರು ಬಸ್ ಸ್ಟ್ಯಾಂಡಿಗೆ ಬಂದಳು. ಬಸ್ಸಿನಲ್ಲಿ ಶೂಲಗಿರಿ ದಾಟುವವರೆಗೆ ನನ್ನ ಭುಜದ ಮೇಲೆ ಒರಗಿ ಗೊರಕೆ ಹೊಡೆದಳು. ಆಟ ಶುರುವಾದಾಗ ಖಾಲಿ ಕೋರ್ಟಿನ ಸದ್ದು ನಮಗೇ ವಿಚಿತ್ರವಾಗಿತ್ತು. ಚಪ್ಪಾಳೆಯಿಲ್ಲ, ಕೂಗಿಲ್ಲ. ಶೂಗಳ ಕಿರ್ ಕಿರ್, ಚೆಂಡಿನ ಸದ್ದು, ಮೇಡಂ ಸ್ವರ. ಮೊದಲರ್ಧ ಅವಳ ಕೈಯಿಂದ ಎಲ್ಲ ಜಾರಿತು. ಬಿಡುವಿನಲ್ಲಿ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದಳು. ಕ್ಯಾಪ್ಟನ್ ಮುಖಕ್ಕೆ ನೀರು ಎರಚಿ ಎಬ್ಬಿಸಿದಳು. ಎದ್ದವಳು ಬೇರೆಯವಳೇ ಆಗಿದ್ದಳು. ನಾನು ಎಲ್ಲಿಂದ ಹೇಗೆ ಎಸೆದರೂ ಅವಳ ಕೈ ಅಲ್ಲಿರುತ್ತಿತ್ತು. ಅಮ್ಮನ ಏಟಿನಂಥ ಪಾಸುಗಳನ್ನು ಒಂದು ವರ್ಷ ತಿಂದದ್ದಕ್ಕೆ ನನ್ನ ಎಸೆತವೂ ಗಟ್ಟಿಯಾಗಿತ್ತು. ಗೆದ್ದೆವು. ತಬ್ಬಿಕೊಳ್ಳಬಾರದು ಎಂದು ಸಂಘಟಕರು ಮೊದಲೇ ಹೇಳಿದ್ದರು. ನಾವು ಮೊಣಕೈಗೆ ಮೊಣಕೈ ತಾಗಿಸಿದೆವು. ಮರುಗಳಿಗೆ ಎಲ್ಲ ಮರೆತು ಒಬ್ಬರ ಮೇಲೊಬ್ಬರು ಬಿದ್ದೆವು.

ಫೈನಲ್ ಮುಂದಿನ ವಾರ ಎಂದಿತ್ತು. ಆ ವಾರದಲ್ಲೇ ಮತ್ತೆ ಕಾಲೇಜು ಮುಚ್ಚಿತು.

ಎರಡನೆಯ ಸಲದ ಲಾಕ್‌ಡೌನ್ ಮೊದಲಿನ ಹಾಗಿರಲಿಲ್ಲ. ಊರೊಳಗೇ ಜನ ಜ್ವರದಲ್ಲಿ ಮಲಗಿದರು. ಅಮ್ಮನೂ ನಾನೂ ಲೇಔಟಿಗೆ ಹೋಗುವುದನ್ನು ಬಿಟ್ಟೆವು. ಒಂದು ಬೆಳಗ್ಗೆ ಕ್ಯಾಪ್ಟನ್ ಗ್ರೂಪಿನಲ್ಲಿ ಹಾಕಿದಳು: ಮೇಡಂ ಆಸ್ಪತ್ರೆಗೆ ಸೇರಿದ್ದಾರೆ, ಆಕ್ಸಿಜನ್ ಕೊಟ್ಟಿದ್ದಾರೆ. ಕ್ಯಾಪ್ಟನ್ ಮನೆಯಿಂದ ಆಸ್ಪತ್ರೆ ಹತ್ತಿರ. ದಿನಾ ಗಂಜಿ ಮಾಡಿಸಿ ಗೇಟಿನಲ್ಲಿ ಕೊಟ್ಟು ಬರುತ್ತಿದ್ದಳು. ಮೇಡಂ ಅವರ ಯಜಮಾನರು "ಇಂದು ಸ್ವಲ್ಪ ಊಟ ಮಾಡಿದಳು" ಎಂದೋ, "ಇಂದು ಮಾತಾಡಿದಳು" ಎಂದೋ ಒಂದು ಸಾಲು ಕಳಿಸುವರು. ಆ ಸಾಲಿಗಾಗಿ ನಾನು ಟ್ಯಾಂಕಿನ ಮೇಲೆ ಹತ್ತಿ ಕೂತಿರುತ್ತಿದ್ದೆ. ಕೆಳಗಿನಿಂದ ಅಮ್ಮ ಕೇಳುವಳು, "ಬಂತಾ?"

ಕೊನೆಗೊಂದು ದಿನ ಮೇಡಂ ಅವರದ್ದೇ ದನಿ ಬಂತು. ಒಂದೊಂದು ಪದಕ್ಕೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. "ಪ್ರಾಕ್ಟೀಸ್... ಪಣ್ರೀಂಗಳಾ?" ಪ್ರಾಕ್ಟೀಸ್ ಮಾಡುತ್ತಿದ್ದೀರಾ ಎಂದು. ಎಲ್ಲರೂ ಹೌದು ಮೇಡಂ, ಹೌದು ಮೇಡಂ ಎಂದು ಕಳಿಸಿದೆವು. ಯಾರೊಬ್ಬರೂ ಚೆಂಡು ಮುಟ್ಟಿರಲಿಲ್ಲ. ಮರುದಿನ ನಾನು ಮಂಚದ ಕೆಳಗಿನಿಂದ ಚೆಂಡು ತೆಗೆದೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು.

ಮಳೆಗಾಲ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ ಡಿಗ್ರಿ ಮುಗಿಸಿಯಾಗಿತ್ತು. ಟೂರ್ನಮೆಂಟಿನ ಬಗ್ಗೆ ಸಂಘಟಕರನ್ನು ಕೇಳಿದರೆ ಅದು ಹೋದ ಶೈಕ್ಷಣಿಕ ವರ್ಷದ್ದು, ಮುಗಿದ ಕತೆ ಎಂದರು. ಆಗ ಫೈನಲ್‌ನಲ್ಲಿ ನಮ್ಮೆದುರು ಆಡಬೇಕಾಗಿದ್ದ ತಂಡದ ಕ್ಯಾಪ್ಟನ್, ನಾವು ಒಂದು ಸಲವೂ ಮಾತಾಡಿಸದ ಗುಂಗುರು ಕೂದಲಿನ ಹುಡುಗಿ, ಎಲ್ಲಿಂದಲೋ ನಂಬರ್ ಹುಡುಕಿ ನಮ್ಮ ಕ್ಯಾಪ್ಟನ್‌ಗೆ ಫೋನ್ ಮಾಡಿದಳು. "ಅಂದ ಮ್ಯಾಚ್ ಬಾಕಿ ಇರುಕ್ಕು," ಎಂದಳಂತೆ. ಆ ಮ್ಯಾಚ್ ಬಾಕಿ ಇದೆ.

ಆಯುಧಪೂಜೆ ಕಳೆದ ಮೇಲಿನ ಭಾನುವಾರ ಎಂದು ಗೊತ್ತು ಮಾಡಿಕೊಂಡೆವು. ಕೃಷ್ಣಗಿರಿ ಬೆಟ್ಟದ ಬುಡದಲ್ಲಿ ಒಂದು ಶಾಲೆಯ ಕೋರ್ಟು ಸಿಕ್ಕಿತು. ಅಪ್ಪ ಹೂವಿನ ಟೆಂಪೋದ ಹಿಂದೆ ಜಮಖಾನ ಹಾಸಿದ. ಬಾಗಲೂರು, ಬೇರಿಕೆ, ಹೊಸೂರು ಎಂದು ಸುತ್ತಿ ಎಲ್ಲರನ್ನೂ ತುಂಬಿಕೊಂಡ. ಅಮ್ಮ ರೇಷ್ಮೆಯಂಥ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಮೇಡಂ ನಮಗಿಂತ ಮೊದಲೇ ಬಂದು ಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅರ್ಧ ಆಳಾಗಿದ್ದರು. ಬಿಳಿ ಕ್ಯಾನ್ವಾಸ್ ಶೂ ಮಾತ್ರ ಹೊಳೆಯುತ್ತಿತ್ತು. ಬೇರೆ ರೆಫರಿ ಯಾರೂ ಇರಲಿಲ್ಲ, ಎದುರಿನವರೂ ಮೇಡಂ ಆದರೆ ಸಾಕು ಎಂದರು. ನಾವೆಲ್ಲ ಜಾಗದಲ್ಲಿ ನಿಂತೆವು. ಮೇಡಂ ವಿಶಲ್ ತುಟಿಗಿಟ್ಟು ಊದಿದರು. ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದರು. ಕೆಮ್ಮು ಬಂತು. ಯಾರಿಗೂ ಯಾರ ಮುಖ ನೋಡಲೂ ಆಗಲಿಲ್ಲ. ರಸ್ತೆಯಾಚೆಯ ಜನರನ್ನು ತಿರುಗಿ ನೋಡಿಸುತ್ತಿದ್ದ ವಿಶಲ್ ಅದು.

ಮೇಡಂ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ ಅಮ್ಮನ ಕಡೆ ತಿರುಗಿದರು. "ನೀಂಗ ಊದುಂಗ," ಎಂದರು. ನೀವು ಊದಿ.

ಅಮ್ಮ ಹಿಂದಕ್ಕೆ ಸರಿದಳು. "ಅಯ್ಯೋ, ನಂಗ್ ರೂಲ್ಸ್ ತಿಳೀದು ಮೇಡಂ."

ಮೇಡಂ ಕೈ ಎತ್ತಿ ತೋರಿಸಿದರು. ನಾನು ಹೀಗೆ ಕೈ ಎತ್ತುತ್ತೇನೆ, ಎತ್ತಿದಾಗ ಊದಿ, ಅಷ್ಟೇ ಸಾಕು. ಎದುರು ತಂಡದವಳೊಬ್ಬಳು ತನ್ನ ವಿಶಲ್ ತಂದುಕೊಟ್ಟಳು. ಅಮ್ಮ ಅದಕ್ಕೆ ಸ್ಯಾನಿಟೈಸರ್ ಹಾಕಿ, ಸೆರಗಿನಲ್ಲಿ ಒರೆಸಿ, ಬಾಯಿಗಿಟ್ಟು ಕಹಿಗೆ ಮುಖ ಕಿವುಚಿದಳು. ಮೇಡಂ ಕೈ ಎತ್ತಿದರು. ಅಮ್ಮ ಊದಿದಳು. ಬೆಟ್ಟದ ಬಂಡೆಗೆ ಬಡಿದು ಸದ್ದು ವಾಪಸು ಬಂತು.

ಆ ಆಟದ ಎಲ್ಲ ನೆನಪಿಲ್ಲ. ನನ್ನ ಗೆಳತಿ ಎರಡನೆಯ ಪಾಳಿಗೆ ಹೋಗಬೇಕಾಗಿದ್ದರಿಂದ ಗಡಿಯಾರ ನೋಡುತ್ತಾ ಆಡಿದ್ದು, ಕ್ಯಾಪ್ಟನ್ "ಕನ್ನಡ!" ಎಂದಾಗ ಎದುರು ತಂಡದ ಒಬ್ಬಳು "ನಂಗೂ ಬತ್ತೈತೆ ಕಣ್ರೇ, ನಮ್ಮಜ್ಜಿ ಊರು ಗುಮ್ಮಳಾಪುರ" ಎಂದು ಕೂಗಿ ನಮ್ಮ ಗುಟ್ಟನ್ನು ಮಣ್ಣುಪಾಲು ಮಾಡಿದ್ದು, ನಾನು ಒಂದು ಸುಲಭದ ಬಾಸ್ಕೆಟ್ ತಪ್ಪಿಸಿದಾಗ ಮೇಡಂ ಕೈ ಎತ್ತದಿದ್ದರೂ ಅಮ್ಮ ಸಿಟ್ಟಿನಿಂದ ಊದಿಬಿಟ್ಟದ್ದು, ಇವು ನೆನಪಿವೆ. ಮೇಡಂ ಪೂರ್ತಿ ಆಟ ಅಲ್ಲೇ ಕೂತು ಕೈ ಎತ್ತುತ್ತಾ ಇಳಿಸುತ್ತಾ ಇದ್ದರು. ಒಂದೆರಡು ಸಲ ನಕ್ಕದ್ದನ್ನೂ ನೋಡಿದೆ.

ಸೋತೆವು. ಗುಂಗುರು ಕೂದಲಿನವಳು ಕೊನೆಯಲ್ಲಿ ಬಹಳ ಚೆನ್ನಾಗಿ ಆಡಿದಳು. ನಮಗೆ ಬೇಸರವೇನೂ ಆಗಲಿಲ್ಲ, ಎರಡೂ ತಂಡದವರು ಮರದ ಕೆಳಗೆ ಒಟ್ಟಿಗೆ ಕೂತು ಕ್ಯಾಪ್ಟನ್ ಮನೆಯಿಂದ ತಂದ ನಿಂಬೆಹಣ್ಣಿನ ಚಿತ್ರಾನ್ನ ತಿಂದೆವು. ಸಿಟ್ಟು ಬಂದದ್ದು ಅಮ್ಮನಿಗೆ.

"ಆ ಗುಂಗ್ರು ಕೂದ್ಲೋಳು ಕೊನೇಲಿ ನಿನ್ನ ತಳ್ಳುದ್ಲು. ನಾನ್ ಕಣ್ಣಾರೆ ನೋಡ್ದೆ."

"ಹಂಗಾದ್ರೆ ಊದ್ಬೇಕಾಗಿತ್ತು ತಾನೆ?" ಎಂದ ಅಪ್ಪ.

"ಮೇಡಂ ಕೈ ಎತ್ಲಿಲ್ವಲ್ಲ! ಅವ್ರು ಎತ್ತದೆ ನಾನೆಂಗ್ ಊದ್ಲಿ? ನ್ಯಾಯ ಅನ್ನೋದು ಬ್ಯಾಡ್ವಾ?"

ಈ ಮಾತಿನ ಅರ್ಥವನ್ನು ಕ್ಯಾಪ್ಟನ್ ಕೇಳಿ ತಿಳಿದುಕೊಂಡು ಮೇಡಂಗೆ ಹೇಳಿದಳು. ಮೇಡಂ ಅಮ್ಮನ ಕೈ ಹಿಡಿದುಕೊಂಡು, ಹೌದು, ತಳ್ಳಿದ್ದು ನಾನೂ ನೋಡಿದೆ, ಎತ್ತಬೇಕಾಗಿತ್ತು, ಕೈ ಸೋತುಹೋಗಿತ್ತು ಎಂದರು. ಅಮ್ಮ ತಟ್ಟನೆ ತಣ್ಣಗಾದಳು. ಅವರ ತಟ್ಟೆಗೆ ಇನ್ನೊಂದು ಸೌಟು ಚಿತ್ರಾನ್ನ ಬಡಿಸಿದಳು.

ಮೇಡಂ ಈಗ ರಿಟೈರ್ ಆಗಿ ಮೊಮ್ಮಕ್ಕಳ ಜೊತೆ ಇದ್ದಾರೆ. ದನಿ ಬಹುಮಟ್ಟಿಗೆ ವಾಪಸು ಬಂದಿದೆ. ಕ್ಯಾಪ್ಟನ್ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ನಾನು ರೋಜಾ ಹೂವನ್ನು ಹೊರದೇಶಕ್ಕೆ ಕಳಿಸುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ದಿನವೆಲ್ಲ ಎ.ಸಿ.ಯಲ್ಲಿ ಹೂವಿನ ವಾಸನೆ. ಲೇಔಟಿನ ತುಂಬ ಮನೆಗಳೆದ್ದಿವೆ, ಯಾರು ಯಾರೋ ಬಂದಿದ್ದಾರೆ. ಮಂಕರಿ ಕಟ್ಟಿದ್ದ ಕಂಬದಲ್ಲಿ ಈಗ ದೀಪ ಉರಿಯುತ್ತದೆ, ಕೆಳಗೆ ಯಾರದೋ ಕಾರು ನಿಂತಿರುತ್ತದೆ. ಆ ಕಾಲ ಒಳ್ಳೆಯದಾಗಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ, ನಮ್ಮ ಊರಲ್ಲೇ ಎಷ್ಟು ಜನ ಹೋದರು. ಆದರೂ ಬೆಳಗ್ಗೆ ಆಫೀಸಿಗೆ ಹೋಗುವಾಗ ಆ ಬೀದಿ ದಾಟಿದರೆ ಒಂದು ಗಳಿಗೆ ಕಾಲು ನಿಧಾನವಾಗುತ್ತದೆ.

ಆ ಭಾನುವಾರ ವಾಪಸು ಬರುವಾಗ ಟೆಂಪೋದ ಹಿಂದೆ ನಾವೆಲ್ಲ ಒಬ್ಬರ ಮೇಲೊಬ್ಬರು ಒರಗಿಕೊಂಡು ಕೂತಿದ್ದೆವು. ಕ್ಯಾಪ್ಟನ್ ಮನೆ ಕೃಷ್ಣಗಿರಿಯಲ್ಲೇ ಇದ್ದರೂ ಸುಮ್ಮನೆ ಜೊತೆಗೆ ಬಂದಿದ್ದಳು, ಹೊಸೂರಿನಿಂದ ಬಸ್ಸು ಹಿಡಿದು ವಾಪಸು ಹೋಗುತ್ತೇನೆ ಎಂದು. ನನ್ನ ಗೆಳತಿ ಓಡುವ ಟೆಂಪೋದಲ್ಲೇ ಜೆರ್ಸಿಯ ಮೇಲೆ ಯೂನಿಫಾರಂ ಕೋಟು ಹಾಕಿಕೊಂಡಳು. ಫ್ಯಾಕ್ಟರಿ ಗೇಟಿನ ಮುಂದೆ ಅಪ್ಪ ನಿಲ್ಲಿಸಿದ. ಅವಳು ಹಾರಿ ಇಳಿದು, ಶೂ ಬಿಚ್ಚಿ ನನ್ನ ಕೈಗೆ ಕೊಟ್ಟು ಚಪ್ಪಲಿ ಮೆಟ್ಟಿಕೊಂಡಳು.

"ಮಳ್ಳಿ ಎಪ್ಪುಡು?" ಎಂದಳು. ಮತ್ತೆ ಯಾವಾಗ?

"ಸೊಲ್ರೇನ್," ಎಂದಳು ಕ್ಯಾಪ್ಟನ್, ಹೇಳುತ್ತೇನೆ ಎಂದು. ಆಮೇಲೆ ನಾವೆಲ್ಲ ಒಟ್ಟಿಗೆ ಆಡಿದ್ದಿಲ್ಲ. ಗೇಟಿನಲ್ಲಿ ಗಾರ್ಡು ಅವಳ ಹಣೆಗೆ ಜ್ವರ ನೋಡುವ ಗನ್ ಹಿಡಿಯಲು ಕೈಯನ್ನು ಪೂರ್ತಿ ಮೇಲೆ ಚಾಚಬೇಕಾಯಿತು. ಅವಳು ಸ್ವಲ್ಪ ಬಗ್ಗಿ ನಿಂತಳು. ತಲೆಗೆ ನೀಲಿ ಟೋಪಿ ಹಾಕಿಕೊಂಡು, ನಮ್ಮ ಕಡೆ ಒಮ್ಮೆ ಕೈಬೀಸಿ, ಒಳಗೆ ಹೋಗುತ್ತಿದ್ದ ಹುಡುಗಿಯರ ಗುಂಪಿನಲ್ಲಿ ಸೇರಿದಳು. ಎಲ್ಲರ ತಲೆಗಿಂತ ಮೇಲೆ ಅವಳ ಟೋಪಿ ಬಾಗಿಲವರೆಗೂ ಕಾಣುತ್ತಿತ್ತು.